ಮರಳಿ ಬಂದ ಎರಡು ಹಿಡಿ ಮಣ್ಣು

(ಶಾಲೆಯ ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವ ಅವಕಾಶ ಸಿಕ್ಕಿರುವುದು ನನ್ನ ಭಾಗ್ಯ. ಈ ನೂರು ವರ್ಷಗಳಲ್ಲಿ ನಮ್ಮ ಸೀಮೆಯ ಮೇಲಿನ ಆಡಳಿತದ ಹೆಸರು ಹಲವು ಸಲ ಬದಲಾಯಿತು. ನಿಜಾಮರ ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತದೊಳಗೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಲಬುರಗಿ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಹೋದರೂ ಅದರ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶದ ಪಾಲಾದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಗಡಿಗಳು ಹೀಗೆ ಸರಿದಾಡಿದರೂ ಇಲ್ಲಿಯ ಮಕ್ಕಳು ಕನ್ನಡದಲ್ಲಿ ಅಕ್ಷರ ತಿದ್ದುವುದು ನಿಲ್ಲಲಿಲ್ಲ. ಅದಕ್ಕಾಗಿ ದುಡಿದ ಹಿರಿಯರಿಗೆ ಮೊದಲು ವಂದಿಸುತ್ತೇನೆ.

ನಾನು ಆರಿಸಿಕೊಂಡ ವಿಷಯವನ್ನು ಕೇಳಿ ಕೆಲವರು ಅಚ್ಚರಿಪಟ್ಟರು. ಆಕಾಶದಲ್ಲಿ ಅಲೆಯುವ ಕ್ಷುದ್ರಗ್ರಹದಿಂದ ಕಲ್ಲು ಮಣ್ಣು ತಂದ ಕಥೆಗೂ ಕೋಸಗಿಯ ಕನ್ನಡ ಶಾಲೆಗೂ ಏನು ಸಂಬಂಧ ಎಂದು ಅವರು ಕೇಳಿದ್ದು ಸಹಜ. ಅದಕ್ಕೆ ಉತ್ತರ ಈ ಉಪನ್ಯಾಸದ ಕೊನೆಯ ಭಾಗದಲ್ಲಿ ಸಿಗುತ್ತದೆ. ಅಲ್ಲಿಯವರೆಗೆ ತಾವು ಸಮಾಧಾನದಿಂದ ಆಲಿಸಬೇಕೆಂದು ಪ್ರಾರ್ಥನೆ.

ಮೊದಲು ಕ್ಷುದ್ರಗ್ರಹವೆಂದರೇನು ಎಂಬುದನ್ನು ನೋಡೋಣ. ಸೂರ್ಯನ ಸುತ್ತ ಗ್ರಹಗಳು ರೂಪುಗೊಂಡ ಕಾಲದಲ್ಲಿ, ಅಂದರೆ ಸುಮಾರು 456 ಕೋಟಿ ವರ್ಷಗಳ ಹಿಂದೆ, ದೊಡ್ಡ ಗ್ರಹಗಳಿಗೆ ಸೇರದೆ ಉಳಿದುಹೋದ ಸಾಮಗ್ರಿಯೇ ಕ್ಷುದ್ರಗ್ರಹಗಳು. ಅವುಗಳಲ್ಲಿ ಹೆಚ್ಚಿನವು ಮಂಗಳ ಮತ್ತು ಗುರುಗ್ರಹಗಳ ನಡುವಿನ ಪಟ್ಟಿಯಲ್ಲಿ ಸುತ್ತುತ್ತವೆ. ಕೆಲವು ಭೂಮಿಯ ಕಕ್ಷೆಯ ಸಮೀಪಕ್ಕೂ ಬಂದು ಹೋಗುತ್ತವೆ. ನಮ್ಮ ಸುತ್ತಲಿನ ಗ್ರಾನೈಟ್ ಗುಂಡುಗಳನ್ನು ನಾವು ಅತಿ ಪುರಾತನವೆಂದು ತಿಳಿಯುತ್ತೇವೆ. ದಖ್ಖನ್ನಿನ ಈ ಭಾಗದ ಗ್ರಾನೈಟ್ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಕ್ಷುದ್ರಗ್ರಹಗಳ ದ್ರವ್ಯ ಅದಕ್ಕಿಂತ 200 ಕೋಟಿ ವರ್ಷ ಹಿರಿದು. ಭೂಮಿಯಲ್ಲಿ ಬೆಂಕಿ, ನೀರು, ಗಾಳಿಗಳು ಕಲ್ಲನ್ನು ಮತ್ತೆ ಮತ್ತೆ ಕರಗಿಸಿ, ಅರೆದು, ಹೊಸದಾಗಿಸಿವೆ. ಆದ್ದರಿಂದ ಭೂಮಿಯ ಹುಟ್ಟಿನ ಕಾಲದ ದಾಖಲೆ ಭೂಮಿಯಲ್ಲಿ ಉಳಿದಿಲ್ಲ. ಆ ದಾಖಲೆ ಇರುವುದು ಆ ಚಿಕ್ಕ ಕಲ್ಲುಗಳಲ್ಲಿ.

ಈ ಅಧ್ಯಯನ ನಮ್ಮ ನಾಡಿಗೆ ಪರಕೀಯವಲ್ಲ. ಮೊದಲ ಕ್ಷುದ್ರಗ್ರಹ ಸೆರೆಸ್ 1801ರ ಜನವರಿ 1ರಂದು ಇಟಲಿಯಲ್ಲಿ ಕಾಣಿಸಿತು. ಆರು ದಶಕಗಳ ನಂತರ, 1861ರ ಏಪ್ರಿಲಿನಲ್ಲಿ, ಮದರಾಸಿನ ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದರು. ಏಷ್ಯಾ ಖಂಡದಿಂದ ಕಂಡ ಮೊದಲನೆಯದಾದ್ದರಿಂದ ಅದಕ್ಕೆ ಏಷ್ಯಾ ಎಂದೇ ಹೆಸರಾಯಿತು. ಆ ಮದರಾಸು ವೀಕ್ಷಣಾಲಯದ ಪರಂಪರೆಯೇ ಕೊಡೈಕನಾಲಿನ ಮೂಲಕ ಸಾಗಿ ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಾಗಿದೆ. ಆ ಸಂಸ್ಥೆಯನ್ನು ಕಟ್ಟಿದ ವೇಣು ಬಾಪು ಬೆಳೆದದ್ದು ಹೈದರಾಬಾದಿನಲ್ಲಿ. ಅವರ ತಂದೆ ಅಲ್ಲಿಯ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು, ಬಾಪು ನಿಜಾಮ್ ಕಾಲೇಜಿನಲ್ಲಿ ಓದಿದರು. ಇಂದು ಆಕಾಶದಲ್ಲಿ 2596ನೆಯ ಸಂಖ್ಯೆಯ ಕ್ಷುದ್ರಗ್ರಹ ಅವರ ಹೆಸರು ಹೊತ್ತು ಸುತ್ತುತ್ತಿದೆ. ಅವರು ಸ್ಥಾಪಿಸಿದ ಕಾವಲೂರಿನ ವೀಕ್ಷಣಾಲಯದಿಂದ 1988ರಲ್ಲಿ ಕಂಡ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿಡಲಾಯಿತು.

ದೂರದರ್ಶಕದಲ್ಲಿ ಕ್ಷುದ್ರಗ್ರಹ ಬರಿಯ ಬೆಳಕಿನ ಚುಕ್ಕೆ. ಕೈಗೆ ಸಿಗುವ ತುಂಡು ಬೇಕೆಂದರೆ ಅದು ತಾನಾಗಿ ಭೂಮಿಗೆ ಬೀಳಬೇಕು. ಅಂಥ ಕಲ್ಲುಗಳನ್ನು ಉಲ್ಕಾಶಿಲೆ ಎನ್ನುತ್ತೇವೆ. 1866ರಲ್ಲಿ ಉಡುಪಿಯ ಬಳಿ ಬಿದ್ದ ಉಲ್ಕಾಶಿಲೆ ಆ ಊರಿನ ಹೆಸರಿನಿಂದಲೇ ಜಾಗತಿಕ ಪಟ್ಟಿಯಲ್ಲಿದೆ. 2008ರ ಸೆಪ್ಟೆಂಬರ್ 12ರಂದು, ಕನ್ನಡಿಗರು ಬಹುಸಂಖ್ಯೆಯಲ್ಲಿರುವ ಹೊಸೂರು ಸೀಮೆಗೆ ಹತ್ತಿರದ ಸೂಳಗಿರಿಯಲ್ಲಿ ಸುಮಾರು 110 ಕಿಲೋ ತೂಕದ ಉಲ್ಕಾಶಿಲೆ ಬಿತ್ತು. 2017ರ ಜೂನ್ 6ರ ನಸುಕಿನಲ್ಲಿ ಜೈಪುರದ ಹತ್ತಿರದ ಮುಕುಂದಪುರದಲ್ಲಿ ಇಂಗಾಲಭರಿತ ಅಪರೂಪದ ಕಲ್ಲೊಂದು ನೆಲಕ್ಕಪ್ಪಳಿಸಿತು.

ತಾವು ಕೇಳಬಹುದು: ಕಲ್ಲು ತಾನಾಗಿಯೇ ಬೀಳುತ್ತಿರುವಾಗ ಸಾವಿರಾರು ಕೋಟಿ ರೂಪಾಯಿ ವೆಚ್ಚ ಮಾಡಿ ಅಲ್ಲಿಗೇ ಹೋಗಿ ತರುವುದೇಕೆ? ಇದಕ್ಕೆ ಮೂರು ಕಾರಣಗಳಿವೆ. ಬಿದ್ದ ಕಲ್ಲು ಯಾವ ಕ್ಷುದ್ರಗ್ರಹದಿಂದ ಬಂತೆಂದು ಸಾಮಾನ್ಯವಾಗಿ ಹೇಳಲಾಗದು. ವಿಳಾಸವಿಲ್ಲದ ಕಾಗದದಂತೆ ಅದು. ಎರಡನೆಯದಾಗಿ, ವಾತಾವರಣವನ್ನು ಹಾದು ಬರುವಾಗ ಮೃದುವಾದ, ಪುಡಿಯಾದ ದ್ರವ್ಯ ಒಡೆದು ಚದುರಿ ನಾಶವಾಗುತ್ತದೆ. ಗಟ್ಟಿಮುಟ್ಟಾದದ್ದು ಮಾತ್ರ ನೆಲ ಮುಟ್ಟುತ್ತದೆ. ಹೀಗಾಗಿ ನಮ್ಮ ಸಂಗ್ರಹಾಲಯಗಳಲ್ಲಿರುವುದು ಕ್ಷುದ್ರಗ್ರಹಗಳ ನಿಜವಾದ ಪ್ರಾತಿನಿಧ್ಯವಲ್ಲ. ಮೂರನೆಯದಾಗಿ, ನೆಲಕ್ಕೆ ಬಿದ್ದ ಕ್ಷಣದಿಂದಲೇ ಭೂಮಿಯ ತೇವ, ಗಾಳಿ, ಸೂಕ್ಷ್ಮಜೀವಿಗಳು ಅದರೊಳಗೆ ನುಗ್ಗುತ್ತವೆ. ಅದರಲ್ಲಿ ಜೀವಕ್ಕೆ ಸಂಬಂಧಿಸಿದ ರಾಸಾಯನಿಕವೊಂದು ಕಂಡರೆ, ಅದು ಆಕಾಶದಿಂದ ಬಂದದ್ದೋ ಹೊಲದ ಮಣ್ಣಿನಿಂದ ಅಂಟಿದ್ದೋ ಎಂಬ ಸಂದೇಹ ಉಳಿದೇ ಇರುತ್ತದೆ.

ಈ ಸಂದೇಹಗಳನ್ನು ಮೀರಲು ಮೊದಲು ಹೊರಟವರು ಜಪಾನಿನವರು. 2003ರ ಮೇ 9ರಂದು ಅವರು ಹಾರಿಸಿದ ಹಯಾಬುಸಾ ನೌಕೆ 2005ರಲ್ಲಿ ಇಟೊಕಾವಾ ಎಂಬ, ಅರ್ಧ ಕಿಲೋಮೀಟರಿಗಿಂತ ತುಸು ಉದ್ದದ ಕ್ಷುದ್ರಗ್ರಹವನ್ನು ತಲುಪಿತು. ಆ ಯಾತ್ರೆಯಲ್ಲಿ ಎದುರಾಗದ ವಿಘ್ನವಿಲ್ಲ. ಮೇಲ್ಮೈಗೆ ಬಡಿದು ಧೂಳೆಬ್ಬಿಸಬೇಕಿದ್ದ ಗುಂಡು ಹಾರಲಿಲ್ಲ. ಇಂಧನ ಸೋರಿತು. ವಾರಗಟ್ಟಲೆ ನೌಕೆಯ ಸುಳಿವೇ ಇಲ್ಲವಾಯಿತು. ಮರಳುವ ದಾರಿಯಲ್ಲಿ ಎಂಜಿನ್ನುಗಳು ಒಂದೊಂದಾಗಿ ಕೈಕೊಟ್ಟಾಗ, ಕೆಟ್ಟ ಎರಡು ಎಂಜಿನ್ನುಗಳ ಕೆಡದ ಭಾಗಗಳನ್ನು ಜೋಡಿಸಿ ಒಂದು ಎಂಜಿನ್ನಿನಂತೆ ನಡೆಸಿದರು. 2007ರಲ್ಲಿ ಬರಬೇಕಿದ್ದ ನೌಕೆ 2010ರ ಜೂನ್ 13ರಂದು ಬಂತು. ತಾಯಿನೌಕೆ ವಾತಾವರಣದಲ್ಲಿ ಉರಿದು ಬೂದಿಯಾಯಿತು. ಅದರಿಂದ ಬೇರ್ಪಟ್ಟ, ಸುಮಾರು 40 ಸೆಂಟಿಮೀಟರ್ ಅಗಲದ ಕೋಶ ಆಸ್ಟ್ರೇಲಿಯಾದ ವೂಮೆರಾ ಮರುಭೂಮಿಯಲ್ಲಿ ಪ್ಯಾರಾಚೂಟಿನಿಂದ ಇಳಿಯಿತು. ಅದರೊಳಗೆ ಇದ್ದದ್ದು ಕಣ್ಣಿಗೆ ಕಾಣಲೂ ಕಷ್ಟವಾದ ಸುಮಾರು 1500 ಕಣಗಳು.

ಆ ಕಣಗಳೇ ಬಹುಕಾಲದ ಒಂದು ಪ್ರಶ್ನೆಯನ್ನು ಬಗೆಹರಿಸಿದವು. ಭೂಮಿಗೆ ಅತಿ ಹೆಚ್ಚು ಬೀಳುವ ಸಾಮಾನ್ಯ ಬಗೆಯ ಉಲ್ಕಾಶಿಲೆಗಳ ಮೂಲ ಯಾವುದೆಂದು ಖಚಿತವಿರಲಿಲ್ಲ. ಇಟೊಕಾವಾದ ಧೂಳು ಎಲ್‌ಎಲ್ ಎಂಬ ವರ್ಗದ ಉಲ್ಕಾಶಿಲೆಗಳಿಗೆ ತಾಳೆಯಾಯಿತು. ನಮ್ಮ ಸೂಳಗಿರಿಯಲ್ಲಿ ಬಿದ್ದ ಕಲ್ಲು ಸಹ ಅದೇ ಎಲ್‌ಎಲ್ ವರ್ಗದ್ದು. ವಿಳಾಸವಿಲ್ಲದೆ ಬಂದ ಕಲ್ಲಿನ ಕುಲಗೋತ್ರ ಜಪಾನಿಗರು ಹೊತ್ತು ತಂದ ಕೆಲವು ಕಣಗಳಿಂದ ತಿಳಿಯಿತು.

ಜಪಾನಿನ ಎರಡನೆಯ ನೌಕೆ ಹಯಾಬುಸಾ-2 ರ್ಯೂಗು ಎಂಬ ಕಪ್ಪನೆಯ ಕ್ಷುದ್ರಗ್ರಹವನ್ನು 2019ರಲ್ಲಿ ಎರಡು ಸಲ ಮುಟ್ಟಿ, 2020ರ ಡಿಸೆಂಬರಿನಲ್ಲಿ 5.4 ಗ್ರಾಂ ಮಾದರಿಯನ್ನು ತಂದಿತು. ಒಂದು ಚಹಾ ಚಮಚದ ಉಪ್ಪಿನಷ್ಟು ಎನ್ನಿ. ಅಮೆರಿಕದ ಒಸೈರಿಸ್-ರೆಕ್ಸ್ ನೌಕೆ 2016ರ ಸೆಪ್ಟೆಂಬರ್ 8ರಂದು ಹೊರಟು ಬೆನ್ನು ಎಂಬ ಕ್ಷುದ್ರಗ್ರಹವನ್ನು ಸೇರಿತು. ಈ ಹೆಸರು ನಮ್ಮ ಕಿವಿಗೆ ಶರೀರದ ಒಂದು ಭಾಗವಾಗಿ ಕೇಳಿಸಿದರೂ ಅದು ಪ್ರಾಚೀನ ಈಜಿಪ್ಟಿನ ಪುರಾಣಪಕ್ಷಿಯ ಹೆಸರು. ಅದನ್ನು ಸೂಚಿಸಿದ್ದು ಮೂರನೆಯ ತರಗತಿಯಲ್ಲಿ ಓದುತ್ತಿದ್ದ ಒಬ್ಬ ಬಾಲಕ ಎಂಬುದನ್ನು ಇಲ್ಲಿ ಕುಳಿತಿರುವ ಮಕ್ಕಳು ಗಮನಿಸಬೇಕು.

2020ರ ಅಕ್ಟೋಬರ್ 20ರಂದು ಆ ನೌಕೆ ತನ್ನ ತೋಳನ್ನು ಚಾಚಿ ಬೆನ್ನುವನ್ನು ಮುಟ್ಟಿತು. ಆಗ ಅದು ಭೂಮಿಯಿಂದ 33 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಇಲ್ಲಿಂದ ಕಳಿಸಿದ ಆಜ್ಞೆ ಬೆಳಕಿನ ವೇಗದಲ್ಲಿ ಓಡಿದರೂ ಅಲ್ಲಿಗೆ ತಲುಪಲು 18 ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಆದ್ದರಿಂದ ಮುಟ್ಟುವ ಗಳಿಗೆಯ ತೀರ್ಮಾನಗಳನ್ನೆಲ್ಲ ನೌಕೆಯೇ ತೆಗೆದುಕೊಳ್ಳಬೇಕಿತ್ತು. ನೆಲ ಗಟ್ಟಿಯಾಗಿರುತ್ತದೆ ಎಂದುಕೊಂಡಿದ್ದರು. ತೋಳು ಸಡಿಲ ಜಲ್ಲಿಯಲ್ಲಿ ಹುಗಿದಂತೆ ಅರ್ಧ ಮೀಟರಿನಷ್ಟು ಕೆಳಗಿಳಿಯಿತು. ಮಾದರಿ ಎಷ್ಟು ತುಂಬಿಕೊಂಡಿತೆಂದರೆ ಮುಚ್ಚಳದಲ್ಲಿ ಕಲ್ಲು ಸಿಕ್ಕಿಕೊಂಡು ಕೆಲವು ಚೂರುಗಳು ಹೊರಗೆ ತೇಲಿಹೋದವು. ಇನ್ನಷ್ಟು ಕಳೆದುಹೋಗುವ ಮೊದಲೇ ಅದನ್ನು ಅವಸರವಾಗಿ ಕೋಶದೊಳಗೆ ಭದ್ರಪಡಿಸಿದರು.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಷ್ಟು ದೂರ ಹೋಗುವುದು ಕಠಿಣ. ಹೋದದ್ದನ್ನು ಸುರಕ್ಷಿತವಾಗಿ ನೆಲಕ್ಕಿಳಿಸುವುದು ಬೇರೆಯೇ ಒಂದು ವಿದ್ಯೆ. ಬೆನ್ನುವಿನಿಂದ ಬಂದ ಕೋಶ ವಾತಾವರಣವನ್ನು ಹೊಕ್ಕಾಗ ಅದರ ವೇಗ ಗಂಟೆಗೆ ಸುಮಾರು 44,500 ಕಿಲೋಮೀಟರ್, ಅಂದರೆ ಸೆಕೆಂಡಿಗೆ 12 ಕಿಲೋಮೀಟರಿಗಿಂತ ಹೆಚ್ಚು. ಚಲನ ಶಕ್ತಿಯ ಸೂತ್ರವನ್ನು ಹೈಸ್ಕೂಲಿನ ಮಕ್ಕಳು ಓದಿದ್ದಾರೆ: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಈ ಲೆಕ್ಕದಂತೆ ಆ ಕೋಶದ ಒಂದೊಂದು ಕಿಲೋ ತೂಕದಲ್ಲೂ ಸುಮಾರು 7.6 ಕೋಟಿ ಜೌಲ್ ಶಕ್ತಿ ತುಂಬಿತ್ತು. ಒಂದು ಕಿಲೋ ಒಣ ಕಟ್ಟಿಗೆ ಸುಟ್ಟರೆ ಸಿಗುವುದು ಸುಮಾರು 1.6 ಕೋಟಿ ಜೌಲ್. ಕೋಶದ ತೂಕ 46 ಕಿಲೋ. ಅಂದಮೇಲೆ ಎರಡು ಕ್ವಿಂಟಲಿಗೂ ಹೆಚ್ಚು ಕಟ್ಟಿಗೆ ಉರಿಸಿದಷ್ಟು ಶಕ್ತಿಯನ್ನು ಕೆಲವೇ ನಿಮಿಷಗಳಲ್ಲಿ ಕಳೆದುಕೊಂಡು, ಒಳಗಿನ ಮಣ್ಣಿಗೆ ಬಿಸಿ ತಾಗದಂತೆ ಅದು ಇಳಿಯಬೇಕು.

ಇದು ಹೇಗೆ ಸಾಧ್ಯ? ಮೊದಲ ಉಪಾಯ ಕೋಶದ ಆಕಾರದಲ್ಲಿದೆ. ವೇಗವಾಗಿ ಹೋಗುವ ವಸ್ತು ಬಾಣದ ತುದಿಯಂತೆ ಚೂಪಾಗಿರಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ ಚೂಪಾದ ತುದಿಗೆ ಕಾದ ಗಾಳಿ ಅಂಟಿಕೊಂಡಂತೆ ಹರಿದು ತುದಿಯನ್ನೇ ಕರಗಿಸುತ್ತದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಜೂಲಿಯನ್ ಆಲೆನ್ ಎಂಬ ವಿಜ್ಞಾನಿ ಮೊಂಡಾದ ಮುಖವೇ ಸುರಕ್ಷಿತವೆಂದು ತೋರಿಸಿಕೊಟ್ಟರು. ಮೊಂಡು ಮುಖದ ಮುಂದೆ ಗಾಳಿ ಒತ್ತೊತ್ತಾಗಿ ಸೇರಿ ಆಘಾತ ತರಂಗವಾಗುತ್ತದೆ. ಆ ತರಂಗ ಮುಖದಿಂದ ಸ್ವಲ್ಪ ದೂರದಲ್ಲೇ ನಿಲ್ಲುತ್ತದೆ. ಕೋಶದ ಶಕ್ತಿಯ ಬಹುಪಾಲು ಆ ಗಾಳಿಯನ್ನು ಕಾಯಿಸುವುದರಲ್ಲೇ ವ್ಯಯವಾಗಿ, ಕಾದ ಗಾಳಿ ಪಕ್ಕಕ್ಕೆ ಹರಿದುಹೋಗುತ್ತದೆ. ಎರಡನೆಯ ಉಪಾಯ ಉಷ್ಣಕವಚ. ಬೆನ್ನುವಿನ ಕೋಶದ ಕವಚದ ಎದುರು ತಾಪ 2900 ಡಿಗ್ರಿ ಸೆಲ್ಸಿಯಸ್ಸಿನಷ್ಟಿತ್ತೆಂದು ನಾಸಾ ಹೇಳಿದೆ. ಆ ಕವಚ ಇಂಗಾಲದ ನಾರು ಮತ್ತು ಅಂಟಿನಿಂದ ಮಾಡಿದ ಹಗುರ ಪದಾರ್ಥ. ಅದು ಮೇಲಿನಿಂದ ಸ್ವಲ್ಪ ಸ್ವಲ್ಪವಾಗಿ ಕರಕಾಗಿ, ಅನಿಲವಾಗಿ ಹೋಗುತ್ತ ಬಿಸಿಯನ್ನು ತನ್ನೊಂದಿಗೆ ಹೊರಗೊಯ್ಯುತ್ತದೆ. ತಾನು ಸವೆದು ಒಳಗಿನದನ್ನು ಕಾಯುತ್ತದೆ. ಮೂರನೆಯದು ಪ್ಯಾರಾಚೂಟು. ಗಾಳಿಯೇ ವೇಗವನ್ನು ಸಾಕಷ್ಟು ತಗ್ಗಿಸಿದ ಮೇಲೆ ಮೊದಲು ಚಿಕ್ಕ ಪ್ಯಾರಾಚೂಟು ಕೋಶದ ಓಲಾಟ ತಡೆದು ಸ್ಥಿರಗೊಳಿಸುತ್ತದೆ. ಆಮೇಲೆ ದೊಡ್ಡದು ಬಿಚ್ಚಿ ನೆಲಕ್ಕಿಳಿಸುತ್ತದೆ.

ಈ ಮೂರರಲ್ಲಿ ಒಂದು ತಪ್ಪಿದರೂ ವರ್ಷಗಳ ಶ್ರಮ ಮಣ್ಣುಪಾಲು. ಸೂರ್ಯನಿಂದ ಹೊರಹೊಮ್ಮುವ ಕಣಗಳನ್ನು ಸಂಗ್ರಹಿಸಿ ತಂದ ಜೆನಿಸಿಸ್ ಕೋಶ 2004ರ ಸೆಪ್ಟೆಂಬರ್ 8ರಂದು ಯೂಟಾ ಮರುಭೂಮಿಗೆ ಗಂಟೆಗೆ 300 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಅಪ್ಪಳಿಸಿ ಒಡೆಯಿತು. ಪ್ಯಾರಾಚೂಟು ಬಿಚ್ಚಲು ಸೂಚನೆ ಕೊಡಬೇಕಿದ್ದ ಪುಟ್ಟ ಸ್ವಿಚ್ಚುಗಳನ್ನು ತಿರುವುಮುರುವಾಗಿ ಕೂಡಿಸಿದ್ದೇ ಕಾರಣ. ಆದರೂ ವಿಜ್ಞಾನಿಗಳು ಚೂರುಗಳನ್ನು ಒಂದೊಂದಾಗಿ ಆರಿಸಿ, ಶುಚಿಗೊಳಿಸಿ, ಅವುಗಳಿಂದಲೇ ಉಪಯುಕ್ತ ಫಲಿತಾಂಶಗಳನ್ನು ಪಡೆದರು.

ಬೆನ್ನುವಿನ ಕೋಶ 2023ರ ಸೆಪ್ಟೆಂಬರ್ 24ರಂದು ಅದೇ ಯೂಟಾದಲ್ಲಿ ಇಳಿಯಿತು. ಆಗಲೂ ಒಂದು ಎಡವಟ್ಟು ನಡೆಯಿತು. ಚಿಕ್ಕ ಪ್ಯಾರಾಚೂಟು ಮೊದಲು ಬಿಚ್ಚಬೇಕಿತ್ತು. ಅದನ್ನು ಕತ್ತರಿಸಿ ಬಿಡುವ ಸೂಚನೆಯೇ ಮೊದಲು ಹೋಯಿತು. ತನಿಖೆಯಲ್ಲಿ ಬಹುಮಟ್ಟಿಗೆ ಇದೇ ಕಾರಣವೆಂದು ಕಂಡದ್ದು ಒಂದು ಪದ. ವಿನ್ಯಾಸದ ಕಾಗದಗಳಲ್ಲಿ ‘ಮೇನ್’, ಅಂದರೆ ‘ಮುಖ್ಯ’ ಎಂಬ ಪದವನ್ನು ಸೂಚನೆ ಕಳಿಸುವ ಉಪಕರಣದ ಕಡೆಯವರು ದೊಡ್ಡ ಪ್ಯಾರಾಚೂಟು ಎಂಬ ಅರ್ಥದಲ್ಲಿ ಬಳಸಿದ್ದರು. ಸೂಚನೆ ಪಡೆಯುವ ಉಪಕರಣದ ಕಡೆ ಅದೇ ಪದಕ್ಕೆ ಚಿಕ್ಕ ಪ್ಯಾರಾಚೂಟನ್ನು ಹೊರಚಿಮ್ಮಿಸುವ ಸಿಡಿಮದ್ದು ಎಂಬ ಅರ್ಥವಿತ್ತು. ತಂತಿ ಜೋಡಿಸಿದವರು ಪದ ನೋಡಿ ಪದಕ್ಕೆ ಸೇರಿಸಿದರು. ದೊಡ್ಡ ಪ್ಯಾರಾಚೂಟಿನ ವಿನ್ಯಾಸ ಬಲವಾಗಿದ್ದುದರಿಂದ ಅದೊಂದೇ ಕೋಶವನ್ನು ಸುರಕ್ಷಿತವಾಗಿ ಇಳಿಸಿತು. ಈ ಸಂಗತಿಯನ್ನು ತಾವು ನೆನಪಿಟ್ಟುಕೊಳ್ಳಬೇಕು. ಮುಂದೆ ಇದರ ಅವಶ್ಯಕತೆ ಬೀಳುತ್ತದೆ.

ಆಕಾಶದಿಂದ ಕೋಶ ಇಳಿಸುವ ಈ ವಿದ್ಯೆಯನ್ನು ಭಾರತವೂ ಸಾಧಿಸಿದೆ. ಅದರ ನಿಯಂತ್ರಣ ನಡೆದದ್ದು ಬೆಂಗಳೂರಿನಿಂದ. 2007ರ ಜನವರಿ 10ರಂದು ಶ್ರೀಹರಿಕೋಟದಿಂದ ಹಾರಿದ ಪಿಎಸ್‌ಎಲ್‌ವಿ-ಸಿ7 ರಾಕೆಟ್ಟು ಕಾರ್ಟೊಸ್ಯಾಟ್-2ರ ಜೊತೆಗೆ 550 ಕಿಲೋ ತೂಕದ ಎಸ್‌ಆರ್‌ಇ-1 ಎಂಬ ಕೋಶವನ್ನೂ ಕಕ್ಷೆಗೆ ಸೇರಿಸಿತು. ಅದರೊಳಗೆ ತೂಕವಿಲ್ಲದ ಸ್ಥಿತಿಯಲ್ಲಿ ನಡೆಸುವ ಎರಡು ಪ್ರಯೋಗಗಳಿದ್ದವು. ಲೋಹವನ್ನು ಕರಗಿಸಿ ಹರಳುಗಟ್ಟಿಸುವ ಒಂದು ಪ್ರಯೋಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುಗೊಂಡಿತ್ತು. ಕೋಶದ ಮೂಗು ಇಂಗಾಲ-ಫಿನಾಲಿಕ್ ಕವಚದ್ದು. ಉಳಿದ ಮೈಗೆ ಸಿಲಿಕಾ ಹೆಂಚುಗಳನ್ನು ಹೊದಿಸಿದ್ದರು. ಪ್ಯಾರಾಚೂಟು ತಯಾರಾದದ್ದು ಆಗ್ರಾದ ರಕ್ಷಣಾ ಸಂಶೋಧನಾಲಯದಲ್ಲಿ.

ಹನ್ನೆರಡು ದಿನ ಭೂಮಿಯನ್ನು ಸುತ್ತಿದ ಮೇಲೆ, ಜನವರಿ 22ರ ಬೆಳಗ್ಗೆ ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಕೋಶವನ್ನು ಇಳಿಸುವ ಕಾರ್ಯ ನಡೆಯಿತು. ಕೋಶ ಹಿಮ್ಮೊಗವಾಗಿ ತಿರುಗಿ, ಸುಮಾರು 10 ನಿಮಿಷ ರಾಕೆಟ್ಟು ಉರಿಸಿ ತನ್ನ ವೇಗ ತಗ್ಗಿಸಿಕೊಂಡಿತು. 9 ಗಂಟೆ 37 ನಿಮಿಷಕ್ಕೆ 100 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ 8 ಕಿಲೋಮೀಟರ್ ವೇಗದಿಂದ ವಾತಾವರಣ ಹೊಕ್ಕಿತು. 5 ಕಿಲೋಮೀಟರ್ ಎತ್ತರಕ್ಕೆ ಬರುವಾಗ ಆ ವೇಗ ಸೆಕೆಂಡಿಗೆ 101 ಮೀಟರಿಗೆ ಇಳಿದಿತ್ತು. ಅನಂತರ ಪ್ಯಾರಾಚೂಟುಗಳು ಬಿಚ್ಚಿದವು. 9 ಗಂಟೆ 46 ನಿಮಿಷಕ್ಕೆ ಶ್ರೀಹರಿಕೋಟದ ಪೂರ್ವಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿ, ಬಂಗಾಳ ಕೊಲ್ಲಿಯಲ್ಲಿ ಅದು ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ನೀರಿಗಿಳಿದು ತೇಲತೊಡಗಿತು. ಕರಾವಳಿ ರಕ್ಷಣಾ ಪಡೆ ಮತ್ತು ನೌಕಾದಳದವರು ಅದನ್ನು ಎತ್ತಿ ತಂದರು. ಕಕ್ಷೆಗೆ ಕಳಿಸಿದ್ದನ್ನು ಭಾರತ ಮರಳಿ ಪಡೆದದ್ದು ಅದೇ ಮೊದಲು. 2014ರ ಡಿಸೆಂಬರ್ 18ರಂದು ಗಗನಯಾತ್ರಿಗಳ ಕೋಶದ ಮಾದರಿಯನ್ನು 126 ಕಿಲೋಮೀಟರ್ ಎತ್ತರಕ್ಕೊಯ್ದು ಮತ್ತೆ ಸಮುದ್ರಕ್ಕಿಳಿಸಿದರು.

ಭಾರತ ಇನ್ನೂ ಕ್ಷುದ್ರಗ್ರಹದಿಂದ ಮಾದರಿ ತಂದಿಲ್ಲ. ಚಂದ್ರನಿಂದ ತರುವ ಸಿದ್ಧತೆ ನಡೆದಿದೆ. ಚಂದ್ರಯಾನ-3ರ ವಿಕ್ರಮ್ 2023ರ ಸೆಪ್ಟೆಂಬರಿನಲ್ಲಿ ಚಂದ್ರನ ನೆಲದಿಂದ ಸುಮಾರು 40 ಸೆಂಟಿಮೀಟರ್ ಮೇಲೆದ್ದು ಮತ್ತೆ ಕುಳಿತುಕೊಂಡಿತು. ನೋಡುವವರಿಗೆ ಅದು ಮಗುವಿನ ಕುಪ್ಪಳಿಕೆ; ಅಲ್ಲಿಂದ ಮರಳಿ ಹೊರಡುವ ವಿದ್ಯೆಯ ಮೊದಲ ಪಾಠ. ಬಾಹ್ಯಾಕಾಶದಲ್ಲಿ ಎರಡು ನೌಕೆಗಳನ್ನು ಜೋಡಿಸುವ ಕಾರ್ಯ 2025ರ ಜನವರಿ 16ರಂದು ಸಫಲವಾಯಿತು. ಚಂದ್ರನ ಮಣ್ಣು ತರುವ ಚಂದ್ರಯಾನ-4 ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್ 18ರಂದು 2104.06 ಕೋಟಿ ರೂಪಾಯಿಗಳ ಮಂಜೂರಾತಿ ನೀಡಿದೆ. ಇಂದು ಈ ಶಾಲೆಯಲ್ಲಿ ಓದುವ ಮಕ್ಕಳು ದುಡಿಯುವ ವಯಸ್ಸಿಗೆ ಬರುವಾಗ ಅಂಥ ಮಣ್ಣನ್ನು ಪರೀಕ್ಷಿಸುವ ಕೈಗಳು ದೇಶಕ್ಕೆ ಬೇಕಾಗುತ್ತವೆ.

ತಂದ ಮಣ್ಣಿನಲ್ಲಿ ಏನು ಸಿಕ್ಕಿತು? ಬೆನ್ನುವಿನ ಕೋಶದಲ್ಲಿದ್ದ ಮಾದರಿಯ ಒಟ್ಟು ತೂಕ 121.6 ಗ್ರಾಂ. ನಮ್ಮ ತೊಗರಿಬೇಳೆಯ ಅಳತೆಯಲ್ಲಿ ಹೇಳಿದರೆ ಎರಡು ಹಿಡಿ. ಅದನ್ನು ಭೂಮಿಯ ಗಾಳಿ ಸೋಕದಂತೆ ಸಾರಜನಕ ತುಂಬಿದ ಪೆಟ್ಟಿಗೆಯಲ್ಲಿಟ್ಟು ಕೈಗವಸಿನ ಮೂಲಕವೇ ಮುಟ್ಟುತ್ತಾರೆ. ಮಾದರಿಯ ಡಬ್ಬಿಯ 35 ತಿರುಪುಗಳಲ್ಲಿ ಎರಡು ಬಿಚ್ಚದೆ ಹಟ ಹಿಡಿದವು. ಒತ್ತಾಯ ಮಾಡಿ ಮಾದರಿ ಕೆಡಿಸುವ ಬದಲು, ಅದಕ್ಕೆಂದೇ ಹೊಸ ಉಪಕರಣ ತಯಾರಿಸುವವರೆಗೆ ತಿಂಗಳುಗಟ್ಟಲೆ ಕಾದರು. 2024ರ ಜನವರಿಯಲ್ಲಿ ಬಿಚ್ಚಿದರು. 2025ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶಗಳಂತೆ, ಭೂಮಿಯ ಜೀವಿಗಳು ಪ್ರೋಟೀನು ಕಟ್ಟಲು ಬಳಸುವ 20 ಅಮೈನೊ ಆಮ್ಲಗಳಲ್ಲಿ 14 ಅದರಲ್ಲಿವೆ; ಡಿಎನ್‌ಎ ಮತ್ತು ಆರ್‌ಎನ್‌ಎಗಳ ಐದೂ ಮೂಲ ಕ್ಷಾರಗಳಿವೆ; ಉಪ್ಪುನೀರು ಆರಿ ಉಳಿದ ಲವಣಗಳೂ ಇವೆ. ಜೀವ ಅಲ್ಲಿತ್ತೆಂದು ಇದರರ್ಥವಲ್ಲ. ಜೀವಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಸೌರಮಂಡಲದ ಬಾಲ್ಯದಲ್ಲೇ ಸಿದ್ಧವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಆ ಲವಣಗಳು ನಮ್ಮ ಗಾಳಿಯ ತೇವ ತಾಗಿದರೆ ಕರಗಿಹೋಗುವಂಥವು. ನೆಲಕ್ಕೆ ಬಿದ್ದ ಉಲ್ಕಾಶಿಲೆಯಲ್ಲಿ ಅವು ಉಳಿಯುವುದೇ ಕಷ್ಟ. ಅಲ್ಲಿಗೇ ಹೋಗಿ ತರಬೇಕಾದ ಕಾರಣ ಈಗ ಸ್ಪಷ್ಟವಾಯಿತೆಂದು ಭಾವಿಸುತ್ತೇನೆ.

ಮಾನ್ಯರೇ, ಈಗ ಆರಂಭದ ಪ್ರಶ್ನೆಗೆ ಬರುತ್ತೇನೆ. ಈ ಸೀಮೆಯ ಪಾಲಕರು ಇಂದು ಮನಸ್ಸಿನಲ್ಲಿ ತೂಗಿ ನೋಡುತ್ತಿರುವ ಸಂಗತಿಯೊಂದಿದೆ. ಮಗನನ್ನೋ ಮಗಳನ್ನೋ ಕನ್ನಡ ಶಾಲೆಗೆ ಸೇರಿಸಿದರೆ ಮುಂದೆ ವಿಜ್ಞಾನ ಓದಲು ಆದೀತೇ? ಸರ್ಕಾರದ ಭಾಷೆ ತೆಲುಗು, ಕಾಲೇಜಿನ ಭಾಷೆ ಇಂಗ್ಲಿಷು. ನಡುವೆ ಕನ್ನಡ ಯಾವ ಊರಿಗೆ ಕೊಂಡೊಯ್ಯುತ್ತದೆ? ಈ ಚಿಂತೆಯನ್ನು ಭಾಷಾಭಿಮಾನದ ಘೋಷಣೆಗಳಿಂದ ಅಣಕಿಸುವುದು ಸರಿಯಲ್ಲ. ಮಕ್ಕಳ ಅನ್ನದ ಪ್ರಶ್ನೆ ಅದು.

ಆದರೆ ಬೆನ್ನುವಿನ ಕೋಶದ ಸಂಗತಿಯನ್ನು ನೆನೆಯಿರಿ. ಜಗತ್ತಿನ ಅತ್ಯಂತ ನುರಿತ ತಂತ್ರಜ್ಞರ ನಡುವೆ ಒಂದು ಪದ ಎರಡು ಅರ್ಥದಲ್ಲಿ ಓಡಾಡಿತು. ಪದಕ್ಕೆ ಪದ ಕೂಡಿತು, ಅರ್ಥಕ್ಕೆ ಅರ್ಥ ಕೂಡಲಿಲ್ಲ. ನಮ್ಮ ತರಗತಿಗಳಲ್ಲಿ ನಿತ್ಯ ನಡೆಯುವುದು ಇದೇ. ಮಗು ಪರೀಕ್ಷೆಯಲ್ಲಿ ಪದವನ್ನು ಸರಿಯಾಗಿ ಬರೆಯುತ್ತದೆ, ಪೂರ್ಣ ಅಂಕ ಪಡೆಯುತ್ತದೆ; ಆ ಪದ ಯಾವ ವಸ್ತುವನ್ನು, ಯಾವ ಕ್ರಿಯೆಯನ್ನು ಹೇಳುತ್ತದೆಂದು ಅದಕ್ಕೆ ತಿಳಿದಿರುವುದಿಲ್ಲ. ಮನೆಯಲ್ಲಿ ಆಡದ ಭಾಷೆಯಲ್ಲಿ ಮೊದಲ ಪಾಠ ಕಲಿತ ಮಗುವಿಗೆ ಈ ಅಪಾಯ ಹೆಚ್ಚು, ಏಕೆಂದರೆ ‘ನನಗೆ ತಿಳಿಯಲಿಲ್ಲ’ ಎಂದು ಹೇಳಲೂ ಅದಕ್ಕೆ ಮಾತು ಸಾಲದು. ಕನ್ನಡ ಮನೆಯ ಮಗು ಬಿಸಿ, ಒತ್ತಡ, ವೇಗ, ಸವೆತ ಎಂಬ ಮಾತುಗಳನ್ನು ಒಲೆಯ ಮುಂದೆ, ಮಗ್ಗದ ಮುಂದೆ, ಹೊಲದಲ್ಲಿ ಅನುಭವದಿಂದಲೇ ಕಲಿತು ಶಾಲೆಗೆ ಬರುತ್ತದೆ. ಆ ಅರ್ಥದ ಬುನಾದಿಯ ಮೇಲೆ ವಿಜ್ಞಾನದ ಪದಗಳನ್ನಿಟ್ಟರೆ ಮುಂದೆ ಅದೇ ವಿಷಯವನ್ನು ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಕಲಿಯುವುದು ಪದ ಬದಲಿಸುವ ಕೆಲಸವಾಗುತ್ತದೆ. ಬುನಾದಿ ಇಲ್ಲದಿದ್ದರೆ ಯಾವ ಭಾಷೆಯ ಪದವೂ ನಿಲ್ಲದು.

ಇದರೊಡನೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಕನ್ನಡದಲ್ಲಿ ಕಲಿಸಿದ ಮಾತ್ರಕ್ಕೆ ಅರ್ಥ ತಾನಾಗಿ ಬರುವುದಿಲ್ಲ. ಕನ್ನಡದಲ್ಲೂ ಉರುಹೊಡೆಸಬಹುದು. ‘ಗುರುತ್ವಾಕರ್ಷಣೆ’ ಎಂಬ ಪದವನ್ನು ನೂರು ಸಲ ಬರೆಸಿ, ಒಂದು ಕಲ್ಲನ್ನೂ ಮೇಲಿಂದ ಬಿಟ್ಟು ತೋರಿಸದ ಪಾಠ ಕನ್ನಡದ್ದಾದರೂ ಬರಡು. ಇಂಗ್ಲಿಷು, ತೆಲುಗುಗಳನ್ನು ಚೆನ್ನಾಗಿ ಕಲಿಸದೆ ಮಕ್ಕಳನ್ನು ಕಾಲೇಜಿನ ಬಾಗಿಲಿಗೆ ಬಿಟ್ಟುಬಂದರೆ ಅದೂ ಅನ್ಯಾಯ. ಕೋಶವನ್ನು ಬೇಕಾದ ದಾರಿಗೆ ಹಚ್ಚಿ, ಕವಚ ತೊಡಿಸದೆ ಬಿಟ್ಟಂತೆ ಆಗುತ್ತದೆ.

ಕನ್ನಡಕ್ಕೆ ಈ ಭಾರ ಹೊರುವ ಶಕ್ತಿ ಇದೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿ ಒಂದು ಶತಮಾನ ಕಳೆದಿದೆ. ಶಿವರಾಮ ಕಾರಂತರು, ಜಿ.ಟಿ. ನಾರಾಯಣರಾವ್ ಅವರಂಥವರು ಆಕಾಶವನ್ನೂ ಅಣುವನ್ನೂ ಕನ್ನಡದಲ್ಲಿ ಬರೆದು ತೋರಿಸಿದ್ದಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಕ್ಕಳಿಗಾಗಿಯೇ ಇದೆ. ಅದಮಾರು ಎಂಬ ಹಳ್ಳಿಯಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರಲ್ಲಿ ಆಕಾಶಕ್ಕೇರಿತು. ಇಷ್ಟೆಲ್ಲ ಇದ್ದರೂ ಗಡಿಯಾಚೆಯ ಈ ಶಾಲೆಗಳಿಗೆ ಆ ಪುಸ್ತಕ ಪತ್ರಿಕೆಗಳು ತಲುಪುವುದು ವಿರಳ. ಕೊರತೆ ಇರುವುದು ತಲುಪಿಸುವಲ್ಲಿ.

ಆದ್ದರಿಂದ ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮೊದಲು ನಾವು ಮೂರು ಕೆಲಸ ಮಾಡೋಣವೆಂದು ನನ್ನ ವಿನಂತಿ. ಒಂದು, ಕನ್ನಡದ ವಿಜ್ಞಾನ ಪುಸ್ತಕಗಳಿರುವ, ಬೀಗ ಹಾಕದ ಒಂದು ಕಪಾಟು. ಎರಡು, ಒಂದು ಸಾಧಾರಣ ದೂರದರ್ಶಕ. ಚಂದ್ರನ ಕುಳಿಗಳು, ಗುರುವಿನ ನಾಲ್ಕು ಉಪಗ್ರಹಗಳು ಅದರಲ್ಲಿ ಕಾಣುತ್ತವೆ, ಕೋಸಗಿಯ ಆಕಾಶ ಹೈದರಾಬಾದಿನ ಆಕಾಶಕ್ಕಿಂತ ಕಪ್ಪಾಗಿದೆ. ಮೂರು, ವಿಜ್ಞಾನದ ಪ್ರತಿ ಮುಖ್ಯ ಪದವನ್ನು ಕನ್ನಡ, ತೆಲುಗು, ಇಂಗ್ಲಿಷು ಮೂರರಲ್ಲೂ ಬರೆದು, ಅದರ ಎದುರು ಅರ್ಥವನ್ನು ಮಗು ತನ್ನ ಮಾತಿನಲ್ಲೇ ಬರೆಯುವ ಒಂದು ಪದಪುಸ್ತಕ. ಮೊದಲಿನ ಎರಡಕ್ಕೆ ಹಳೆಯ ವಿದ್ಯಾರ್ಥಿಗಳ ಹಣ ಬೇಕು. ಮೂರನೆಯದಕ್ಕೆ ಗುರುಗಳ ಸಹನೆ ಸಾಕು.

ಇಲ್ಲಿಂದ ಓದಿ ಹೈದರಾಬಾದ್, ಬೆಂಗಳೂರು, ಇನ್ನೂ ದೂರದ ಊರುಗಳಿಗೆ ಹೋದ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಒಸೈರಿಸ್-ರೆಕ್ಸ್ ತಾನು ಭೂಮಿಗಿಳಿಯಲಿಲ್ಲ. ತಂದ ಕೋಶವನ್ನು ಭೂಮಿಯ ಮಡಿಲಿಗೆ ಬಿಟ್ಟು ಅಪೋಫಿಸ್ ಎಂಬ ಇನ್ನೊಂದು ಕ್ಷುದ್ರಗ್ರಹದತ್ತ ಮುಂದೆ ಹೊರಟಿದೆ. ತಾವೂ ಊರಿಗೆ ಮರಳಿ ಬಂದು ನೆಲೆಸಬೇಕೆಂದು ಯಾರೂ ಕೇಳುವುದಿಲ್ಲ. ಹೋದ ಕಡೆ ಕಂಡದ್ದನ್ನು, ಕಲಿತದ್ದನ್ನು ವರ್ಷಕ್ಕೊಮ್ಮೆಯಾದರೂ ಈ ಮಕ್ಕಳ ಮುಂದೆ ಕನ್ನಡದಲ್ಲಿ ಹೇಳಿ ಹೋಗಿ. ಎರಡು ಹಿಡಿಯಷ್ಟಾದರೂ ಸಾಕು.

 ಶಾಲೆಯ ಎರಡನೆಯ ಶತಮಾನಕ್ಕೆ ಶುಭವಾಗಲಿ.